ಯಾವ ಬಿಳಿ, ಸಾಬ್?

ಚೆಂಬೂರು ನಾಕಾದಲ್ಲಿ ರಿಕ್ಷಾವೊಂದು ನಮ್ಮ ಬಿಳಿ ಕಾರಿನ ಬಾಗಿಲಿಗೆ ಮುತ್ತಿಟ್ಟು ಮಾಯವಾಯಿತು. ಕುರ್ಲಾದ ಸಿಎಸ್‌ಟಿ ರಸ್ತೆಯ ಗ್ಯಾರೇಜಿನಲ್ಲಿ, "ಬಿಳಿ ಬಣ್ಣ ಹೊಡೆದುಬಿಡಿ" ಎಂದೆ. "ಯಾವ ಬಿಳಿ, ಸಾಬ್?" ಎಂದು ಉಸ್ತಾದ್ ಬಿಳಿಯ ಚೀಟಿಗಳ ಗೊಂಚಲನ್ನೇ ಬಿಚ್ಚಿದ. ಸೀರೆ ಅಂಗಡಿಯಲ್ಲಿ ಹೆಂಡತಿಯ ಪಕ್ಕ ಕೂತವನ ಮುಖ ನನ್ನದಾಯಿತು. ಕೊನೆಗೆ ಆತನೇ ಕಾರಿನಲ್ಲಿದ್ದ ಬಣ್ಣದ ಕೋಡ್ ಹುಡುಕಿದ. ಆದರೆ ಬಿಸಿಲಲ್ಲಿ ನಿಂತು ನಿಂತು ನಮ್ಮ ಬಿಳಿ ಈಗ ಆ ಕೋಡಿನ ಬಿಳಿಯಾಗಿ ಉಳಿದಿಲ್ಲವಂತೆ!

ಮುಂಬಯಿಯ ಪದ್ಮಿನಿ ಟ್ಯಾಕ್ಸಿಗಳೇ ಪುಣ್ಯವಂತರು. 2023ರ ಅಕ್ಟೋಬರಿನಲ್ಲಿ ರಸ್ತೆ ಬಿಡುವವರೆಗೂ ಮೇಲೆ ಹಳದಿ, ಕೆಳಗೆ ಕಪ್ಪು. ಆಯ್ಕೆಯ ರಗಳೆಯೇ ಇಲ್ಲ.

ಉಸ್ತಾದನ ಮುಂದಿನ ಪ್ರಶ್ನೆ: ಬಣ್ಣ ಎನ್‌ಸಿಯೋ (ನೈಟ್ರೋಸೆಲ್ಯುಲೋಸ್), ಪಿಯುವೋ (ಪಾಲಿಯುರೆಥೇನ್)? ಎನ್‌ಸಿ ಅಗ್ಗ, ಬೇಗ ಒಣಗುತ್ತದೆ, ಬೇಗ ಮಂಕೂ ಆಗುತ್ತದೆ. ಪಿಯುಗೆ ಹಾರ್ಡನರ್ ಬೆರೆಸಬೇಕು. ದುಬಾರಿ, ಆದರೆ ಗಟ್ಟಿ. ಅದೂ ಜುಲೈ ತಿಂಗಳು. ಮಳೆಗಾಲದ ತೇವದಲ್ಲಿ ಎನ್‌ಸಿ ಹೊಡೆದರೆ ಮೇಲೆ ಬೆಳ್ಳಗಿನ ಮಂಜು ಕಟ್ಟುತ್ತದಂತೆ. "ನಮ್ಮದು ಹೇಗೂ ಬಿಳಿಯೇ, ಇನ್ನಷ್ಟು ಬೆಳ್ಳಗಾದರೆ ಲಾಭವೇ ಅಲ್ಲವೇ?" ಎಂದೆ. ಉಸ್ತಾದ್ ಉತ್ತರಿಸದೆ ಕಟಿಂಗ್ ಚಹಾ ತರಿಸಿದ.

ಪಿಯು ಹೊಡೆಸಿಕೊಂಡೇ ಬಂದೆ. ಬಾಗಿಲು ಥಳಥಳ. ಮನೆಯವಳು ಸುತ್ತು ಹಾಕಿ ನೋಡಿ, "ಚೆನ್ನಾಗಿದೆ ರೀ. ಉಳಿದ ಮೂರು ಬಾಗಿಲಿಗೆ ಯಾವಾಗ?" ಎಂದಳು.