ಎಣ್ಣೆಗಾಯಿಗೊಂದು ಕಿಯಾಂಟಿ

ಕುಷ್ಟಗಿ, ಯಲಬುರ್ಗಾ ಕಡೆಯ ಹುಡುಗ ಮಿಲಾನಿಗೆ ಕೆಲಸಕ್ಕೆ ಹೋದರೆ ಮೊದಮೊದಲು ರೊಟ್ಟಿಗಾಗಿ ಅಳುತ್ತಾನೆ, ಆಮೇಲೆ ವೈನಿನ ಪಂಡಿತನಾಗುತ್ತಾನೆ. ಇದನ್ನು ತಡೆಯುವುದು ಯಾರಿಂದಲೂ ಆಗದು. ರಗಳೆ ಶುರುವಾಗುವುದು ಊರಿನಿಂದ ಅವ್ವ ಬಂದಾಗ. ಆಕೆ ಕಟಿ ರೊಟ್ಟಿ, ಶೇಂಗಾ ಹಿಂಡಿ, ಕೆಂಪು ಖಾರ ಹೊತ್ತು ತಂದಿರುತ್ತಾಳೆ. ಮಗರಾಯ ಊಟದ ಟೇಬಲ್ಲಿನ ನಡುವೆ ಇಟಲಿಯ ತೋಸ್ಕಾನ ಸೀಮೆಯ ಕೆಂಪು ವೈನ್ ಕಿಯಾಂಟಿಯ ಬಾಟಲಿ ಇಟ್ಟಿರುತ್ತಾನೆ. ಮಗ ಕುಡಿಯುತ್ತಾನೆಂಬ ಸಿಟ್ಟು ಇದ್ದೇ ಇದೆ, ಆದರೆ ಯುದ್ಧ ಹತ್ತಿಕೊಳ್ಳುವುದು ಕುಡಿಯುವ ಮೊದಲೇ. ಆತ ಗ್ಲಾಸನ್ನು ಗರಗರ ತಿರುಗಿಸಿ, ಮೂಗನ್ನು ಪೂರ್ತಿ ಒಳಗೆ ತೂರಿಸಿ, ಕಣ್ಣು ಮುಚ್ಚಿ "ಹಸಿ ಮಣ್ಣು... ಹಳೇ ತೊಗಲು..." ಎಂದು ಪರವಶನಾಗುತ್ತಾನೆ. "ಮಣ್ಣು ಮೂಸಾಕ ಇಲ್ಲೀತನಕ ಬರಬೇಕಿತ್ತೇನೋ ತಮ್ಮಾ? ಹೊಲದಾಗ ಕಾಲಿಡಾಕ ಒಲ್ಲೆ ಅಂತಿದ್ದಿ. ತೊಗಲು ಬೇಕಂದಿದ್ರ ನಿಮ್ಮಪ್ಪನ ಹಳೇ ಕೆರ ಕಟ್ಟಿಕೊಂಡು ಬರತಿದ್ನೆಲ್ಲೋ" ಎಂಬ ಮಾತಿಗೆ ಯಾವ ವೈನ್ ಶಾಲೆಯೂ ಉತ್ತರ ಕಲಿಸಿಲ್ಲ.

ನನ್ನ ವಾದವಿಷ್ಟೆ: ಈ ಜಗಳದಲ್ಲಿ ಇಬ್ಬರದೂ ಅರ್ಧರ್ಧ ಸರಿ. ನಾಲ್ಕು ಜಾತಿಯ ದ್ರಾಕ್ಷಿ ಕೂಡಿಸಿದ್ದು ಬೆರಕೆ ಮಾಲು ಎನ್ನುವ ಅವ್ವನ ಆಕ್ಷೇಪ ನಿಲ್ಲುವುದಿಲ್ಲ. 1716ರಲ್ಲೇ ತೋಸ್ಕಾನದ ದೊರೆ ಮೂರನೆಯ ಕೋಸಿಮೊ ಕಿಯಾಂಟಿಗೆ ಗಡಿ ಗೊತ್ತುಮಾಡಿದ. 1872ರಲ್ಲಿ ಅಲ್ಲಿನ ವೈನ್ ತಯಾರಕ ಬೆತ್ತಿನೊ ರಿಕಾಸೊಲಿ ಲೆಕ್ಕ ಹೇಳಿದ: ಪರಿಮಳ, ಕಸುವಿಗೆ ಸ್ಯಾಂಜೊವೇಸೆ, ಅದರ ಒರಟುತನ ತಗ್ಗಿಸಲು ಕನಾಯೊಲೊ, ಬೇಗ ಕುಡಿಯುವ ವೈನಾದರೆ ಒಂದಿಷ್ಟು ಬಿಳಿ ಮಾಲ್ವಾಸಿಯಾ. ಈಗಿನ ಕಿಯಾಂಟಿ ಕ್ಲಾಸಿಕೊದಲ್ಲಿ ಶೇ. 80ರಷ್ಟಾದರೂ ಸ್ಯಾಂಜೊವೇಸೆ ಇರಲೇಬೇಕು, 2006ರಿಂದ ಬಿಳಿ ದ್ರಾಕ್ಷಿಗೆ ಪ್ರವೇಶವೇ ಇಲ್ಲ. ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು ಕೂಡಿಸಿ ಕುಟ್ಟಿಸುವ ಅವ್ವ ಇದನ್ನು ಬೆರಕೆ ಎನ್ನುವುದು ಹೇಗೆ? ಪರದೇಶದ ಹಣ್ಣು ಎಂದು ತಳ್ಳುವಂತೆಯೂ ಇಲ್ಲ; ನಮ್ಮ ಕೊಪ್ಪಳ ಜಿಲ್ಲೆಯ ಹಂಪಿ ಹಿಲ್ಸ್ ತೋಟದಲ್ಲೇ ಸ್ಯಾಂಜೊವೇಸೆ ಬೆಳೆದು ವೈನ್ ಮಾಡುತ್ತಾರೆ.

ಇನ್ನು ಊಟದ ಮಾತು. ಈ ವೈನಿಗೆ ಹುಳಿಯೂ ಜಾಸ್ತಿ, ಒಗರೂ ಜಾಸ್ತಿ. ಜಿಡ್ಡು ಒಗರನ್ನು ಪಳಗಿಸುತ್ತದೆ, ವೈನಿನ ಹುಳಿ ಊಟದ ಹುಳಿಗೆ ಸರಿಸಮ ನಿಲ್ಲುತ್ತದೆ. ತೋಸ್ಕಾನದವರು ಇದನ್ನು ಮಾಂಸ, ಟೊಮ್ಯಾಟೊ ಸಾಸು, ಕುರಿಹಾಲಿನ ಚೀಸಿನ ಜೊತೆ ಕುಡಿಯುವುದು ಅದಕ್ಕೇ. ಮಾಂಸ ಒಲ್ಲದ ಮನೆಯಲ್ಲಿ ಆ ಜಾಗ ತುಂಬುವುದು ಶೇಂಗಾ, ಎಳ್ಳು, ಹುಣಸೆ, ಧಾರಾಳ ಎಣ್ಣೆಯ ಬದನೆಕಾಯಿ ಎಣ್ಣೆಗಾಯಿ. ತೋಸ್ಕಾನದ ಬ್ರೆಡ್ಡಿಗೆ ಉಪ್ಪಿಲ್ಲ, ನಮ್ಮ ರೊಟ್ಟಿಗೂ ಬಹುತೇಕ ಇಲ್ಲ. ಎರಡೂ ಪಲ್ಯವನ್ನು ನಂಬಿ ಬದುಕಿದವು. ಇಲ್ಲಿಯವರೆಗೆ ಗೆಲುವು ಮಗನದು. ಮಿರ್ಚಿ ಬಂತೋ, ಅವನ ಪಾಂಡಿತ್ಯ ಮುಗಿಯಿತು. ಕೊಪ್ಪಳದ ಗವಿಮಠದ ಜಾತ್ರೆಯ ದಾಸೋಹದಲ್ಲಿ ಮಿರ್ಚಿ ತಿಂದು ಬೆಳೆದವನೇ ಆದರೂ ಮದ್ಯಸಾರ ಮೆಣಸಿನ ಉರಿಯನ್ನು ಏರಿಸುತ್ತದೆ, ಒಗರು ಅದಕ್ಕೆ ಕುಮ್ಮಕ್ಕು ಕೊಡುತ್ತದೆ. ಕಿವಿ ಕೆಂಪಾಗಿ ಕಣ್ಣಲ್ಲಿ ನೀರಿಳಿಯುವಾಗಲೂ ಆತ "ಫಿನಿಶ್ ಉದ್ದ ಐತಿ" ಎನ್ನುತ್ತಾನೆ. ಆಗ ಮಾತ್ರ ಅವ್ವ ನಗುವುದಿಲ್ಲ, ಬೈಯುವುದೂ ಇಲ್ಲ; ತುಸು ಉಪ್ಪು ಹಾಕಿ ಮಜ್ಜಿಗೆಯ ಲೋಟ ಸರಿಸುತ್ತಾಳೆ. ಮೆಣಸಿನ ಉರಿಯನ್ನು ತೊಳೆದೊಯ್ಯುವುದು ಹಾಲು-ಮೊಸರಿನ ಪ್ರೋಟೀನೆಂದು ವಿಜ್ಞಾನವೂ ಹೇಳುತ್ತದೆ.

ಗಂಗಾವತಿಯ ಬೀಗರು "ಸೋನಾ ಮಸೂರಿ ಅನ್ನ-ಸಾರಿಗೆ ಯಾವ ವೈನು?" ಎಂದು ಕೇಳಿಯಾರು. ಯಾವುದೂ ಬೇಡ; ಸಾರನ್ನೇ ಕುಡಿಯಬಹುದು. ಇದು ಕುಡಿತದ ಪರ ವಕಾಲತ್ತು ಎನ್ನುವವರಿಗೆ ಉತ್ತರ: ಕುಡಿಯದವರಿಗೆ ಎಣ್ಣೆಗಾಯಿಯೊಂದೇ ಸಾಕು, ಅದಕ್ಕೆ ವೈನಿನ ಹಂಗಿಲ್ಲ. ಕುಡಿಯುವ ಮಕ್ಕಳೇ, ಎಣ್ಣೆಗಾಯಿ ಮಾಡಿದ ದಿನ ಕಿಯಾಂಟಿ ತೆಗೆಯಿರಿ. ಮಿರ್ಚಿ ಕರಿದ ದಿನ ಬಾಟಲಿಗೆ ಬಿರಡೆ ಬಿಗಿದು ಅವ್ವ ಹೇಳಿದಂತೆ ಕೇಳಿರಿ.