ಡಿಯರ್ ಸರ್, ನಿಮಗೊಂದು ಅವಕಾಶ ಕೊಡುತ್ತಿದ್ದೇನೆ

ಸಾಲ ಕೇಳುವುದಕ್ಕೆ ನಮ್ಮ ಹಿರಿಯರಲ್ಲಿ ಒಂದು ಕ್ರಮವಿತ್ತು. ಮಳೆ-ಬೆಳೆ ವಿಚಾರಿಸಿ, ಮಕ್ಕಳ ಓದು ವಿಚಾರಿಸಿ, ಕಾಫಿ ಕುಡಿದು, ಹೊರಡುವಾಗ ಚಪ್ಪಲಿ ಮೆಟ್ಟುತ್ತಾ "ಅಂದ ಹಾಗೆ, ಒಂದು ಸಣ್ಣ ವಿಷಯ..." ಎನ್ನುತ್ತಿದ್ದರು. ಕೇಳುವವನಿಗೆ ನಾಚಿಕೆ, ಕೇಳಿಸಿಕೊಂಡವನಿಗೆ ಮುಜುಗರ. ಆದರೂ ವ್ಯವಹಾರ ಅಲ್ಲೇ ಹೊಸ್ತಿಲ ಮೇಲೆ ಇತ್ಯರ್ಥವಾಗುತ್ತಿತ್ತು. ಅವರ ಮೊಮ್ಮಗ ಈಗ ಬೆಂಗಳೂರಿನ ಎಚ್‌ಎಸ್‌ಆರ್ ಲೇಔಟಿನಲ್ಲಿ ಕೂತು ತನ್ನ ಸ್ಟಾರ್ಟಪ್‌ಗೆ ಬೇಕಾದ ಎರಡು ಕೋಟಿಗಾಗಿ ಹೂಡಿಕೆದಾರರಿಗೆ ಇಮೇಲ್ ಬರೆಯುತ್ತಿದ್ದಾನೆ. ಅದರಲ್ಲಿ ನಾಚಿಕೆ ಇಲ್ಲ, ಇರಬೇಕಾಗಿಯೂ ಇಲ್ಲ. ಆದರೆ ದುಡ್ಡು ಬೇಕು ಎಂಬ ಮಾತೂ ಇಲ್ಲ. "ನಮ್ಮ ಪಯಣದಲ್ಲಿ ಸಹಭಾಗಿಯಾಗುವ ಅಪರೂಪದ ಅವಕಾಶ" ಇದೆ. ಕೇಳುವವನು ಯಾರು, ಕೊಡಬೇಕಾದವನು ಯಾರು ಎಂದು ಎರಡು ಸಲ ಓದಿದರೂ ಗೊತ್ತಾಗುವುದಿಲ್ಲ. ಯಾರೋ ಪುಣ್ಯಾತ್ಮ ನಮ್ಮನ್ನು ಉದ್ಧಾರ ಮಾಡಲು ಹೊರಟಿದ್ದಾನೆ ಎಂದಷ್ಟೇ ತಿಳಿಯುತ್ತದೆ.

ನಾಟಕ ಶುರುವಾಗುವುದು ಸಬ್ಜೆಕ್ಟ್ ಲೈನಿನಲ್ಲೇ. 'ಕ್ವಿಕ್ ಕ್ವೆಶ್ಚನ್' ಎಂದಿರುತ್ತದೆ. ಒಳಗೆ ಪ್ರಶ್ನೆ ಇರುವುದಿಲ್ಲ, ಕ್ವಿಕ್ ಅಂತೂ ಮೊದಲೇ ಇರುವುದಿಲ್ಲ. ಇನ್ನೂ ಪಳಗಿದವರು ಜನ್ಮದಲ್ಲಿ ಮೊದಲ ಸಲ ಬರೆಯುವ ಮೇಲ್‌ಗೂ ಮುಂದೊಂದು 'ರೀ' ಅಂಟಿಸಿ, ಎಷ್ಟೋ ವರ್ಷ ಸಂಸಾರ ಮಾಡಿದವರಂತೆ ಮಾತು ಮುಂದುವರಿಸುತ್ತಾರೆ. ಆಮೇಲೆ "ನಿಮ್ಮ ಪೋರ್ಟ್‌ಫೋಲಿಯೊ ನೋಡಿ ಬೆರಗಾದೆ" ಎಂಬ ಸಾಲು. ದುಡ್ಡು ಕೊಟ್ಟು ತಂದ ಎಕ್ಸೆಲ್ ಪಟ್ಟಿಯಲ್ಲಿರುವ ಎಂಟುನೂರು ಮಂದಿಯ ಪೋರ್ಟ್‌ಫೋಲಿಯೊ ನೋಡಿ ಒಂದೇ ಬೆಳಿಗ್ಗೆ, ಒಂದೇ ನಿಮಿಷದಲ್ಲಿ ಬೆರಗಾಗುವ ಶಕ್ತಿ ಇವರಿಗಿದೆ. ಅವಸರದಲ್ಲಿ ಹೆಸರು ತುಂಬದೆ ಹೋದರೆ ಮಹಾನುಭಾವ ಹೂಡಿಕೆದಾರರು "ಹಾಯ್ ಫಸ್ಟ್‌ನೇಮ್" ಆಗಿಬಿಡುತ್ತಾರೆ.

ಮುಂದಿನದು ಅವತಾರ ವರ್ಣನೆ: "ನಾವು ಎಳನೀರಿನ ಉಬರ್." ಅದಾದ ಮೇಲೆ ಮಾರುಕಟ್ಟೆಯ ಲೆಕ್ಕ: ದೇಶದಲ್ಲಿ 140 ಕೋಟಿ ಜನ, ಅದರಲ್ಲಿ ಬರೀ ಒಂದು ಪರ್ಸೆಂಟ್ ನಮಗೆ ಸಿಕ್ಕರೂ 1.4 ಕೋಟಿ ಗಿರಾಕಿಗಳು! ಈ ಒಂದು ಪರ್ಸೆಂಟಿನವರು ಯಾವ ಬಡಾವಣೆಯಲ್ಲಿದ್ದಾರೋ ಕಾಣೆ. ಎಳನೀರು, ನಾಯಿ ಬಿಸ್ಕತ್ತು, ಆನ್‌ಲೈನ್ ಜಾತಕ, ಎಲ್ಲರ ಸರಕನ್ನೂ ಕೊಳ್ಳುವ ಹೊಣೆ ಅವರ ಮೇಲೇ ಬಿದ್ದಿದೆ. ಕೊನೆಗೆ "ನಮಗೆ ಪ್ರತಿಸ್ಪರ್ಧಿಗಳೇ ಇಲ್ಲ" ಎಂಬ ಹೆಮ್ಮೆ. ಮದ್ದೂರಿನಿಂದ ಎಳನೀರು ತಂದು ಜಯನಗರದ ಮೂಲೆಯಲ್ಲಿ ಕೊಚ್ಚಿ ಕೊಡುವಾತ ಇವರ ಲೆಕ್ಕದಲ್ಲಿ 'ಅಸಂಘಟಿತ ವಲಯ'. ಆತ ದಿನವೂ ಲಾಭ ಮಾಡುತ್ತಾನೆ ಎಂಬುದೊಂದೇ ಅವನ ದೋಷ.

ಇಷ್ಟಕ್ಕೆ ಲಗತ್ತು ಮೂವತ್ತು ಸ್ಲೈಡಿನ ಡೆಕ್. 2015ರಲ್ಲಿ, ಇಂಥ ಡೆಕ್‌ಗಳನ್ನು ಆನ್‌ಲೈನಿನಲ್ಲಿ ಹಂಚಲು ನೆರವಾಗುವ ಡಾಕ್‌ಸೆಂಡ್ ಕಂಪನಿ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಪ್ರೊಫೆಸರ್ ಟಾಮ್ ಐಸೆನ್‌ಮನ್ ಜೊತೆ ಸೇರಿ 200 ಸ್ಟಾರ್ಟಪ್‌ಗಳನ್ನು ಅಭ್ಯಾಸ ಮಾಡಿತ್ತು. ಹೂಡಿಕೆದಾರರು ಒಂದು ಡೆಕ್ ನೋಡುವ ಸರಾಸರಿ ಹೊತ್ತು 3 ನಿಮಿಷ 44 ಸೆಕೆಂಡ್. ಅದೂ ತೆರೆದವರ ಲೆಕ್ಕ.

ತೆರೆದರೋ ಇಲ್ಲವೋ ತಿಳಿಯಲು ಮೇಲ್ ಒಳಗೆ ಕಣ್ಣಿಗೆ ಕಾಣದ ಚುಕ್ಕಿ ಚಿತ್ರವೊಂದನ್ನು ಬಚ್ಚಿಡುವ ಪದ್ಧತಿ ಇದೆ. ಆ ಚಿತ್ರ ಲೋಡ್ ಆದೊಡನೆ ಕಳಿಸಿದವನಿಗೆ ಸುದ್ದಿ ಮುಟ್ಟುತ್ತದೆ. "ರಾತ್ರಿ ಮೂರು ಗಂಟೆಗೆ ಎದ್ದು ನಮ್ಮ ಮೇಲ್ ಓದಿದ್ದಾರೆ ಮಗಾ!" ಎಂದು ತಂಡದಲ್ಲಿ ಸಂಭ್ರಮ. 2021ರಿಂದ ಆಪಲ್ ಕಂಪನಿಯ ಮೇಲ್ ಆ್ಯಪ್ ಇಂಥ ಚಿತ್ರಗಳನ್ನು ಯಜಮಾನ ಮೇಲ್ ತೆರೆಯದಿದ್ದರೂ ತಾನೇ ಇಳಿಸಿಕೊಳ್ಳುತ್ತದೆ. ಮೂರು ಗಂಟೆಗೆ ಎಚ್ಚರವಿದ್ದದ್ದು ಫೋನು. ಈಗಂತೂ ಬರೆಯುವುದು ಚಾಟ್‌ಜಿಪಿಟಿ, ಅತ್ತಕಡೆ ಓದಿ ಮೂರು ಸಾಲಿಗೆ ಇಳಿಸುವುದು ಇನ್ನೊಂದು ಯಂತ್ರ. ಇವರಿಬ್ಬರ ಮಧ್ಯೆ ದುಡ್ಡು ಬೇಕಾದವನೂ ಇಲ್ಲ, ದುಡ್ಡು ಇದ್ದವನೂ ಇಲ್ಲ.

ಇದರಲ್ಲೊಂದು ಕಾನೂನಿನ ತಮಾಷೆ ಇದೆ. ಪ್ರೈವೇಟ್ ಕಂಪನಿಯೊಂದು ನಮ್ಮ ಷೇರು ಕೊಳ್ಳಿ ಎಂದು ಊರೆಲ್ಲ ಡಂಗುರ ಸಾರುವಂತಿಲ್ಲ. 2013ರ ಕಂಪನಿ ಕಾಯ್ದೆಯ 42ನೇ ಸೆಕ್ಷನ್ ಮತ್ತು ಅದರ ನಿಯಮಗಳ ಪ್ರಕಾರ ಮೊದಲೇ ಗುರುತಿಸಿದ ಆಸಾಮಿಗಳ ಮುಂದಷ್ಟೇ ಷೇರಿನ ಪ್ರಸ್ತಾವ ಇಡಬೇಕು. ಅರ್ಹ ಹಣಕಾಸು ಸಂಸ್ಥೆಗಳನ್ನೂ ಷೇರು ಪಡೆಯುವ ನೌಕರರನ್ನೂ ಬಿಟ್ಟರೆ ಒಂದು ಹಣಕಾಸು ವರ್ಷದಲ್ಲಿ 200 ಮಂದಿಯನ್ನು ಮೀರುವಂತಿಲ್ಲ. ಎಂಟುನೂರು ಮಂದಿಗೆ ಮೇಲ್ ಬಿಟ್ಟವನ ಗತಿ? ಏನೂ ಆಗುವುದಿಲ್ಲ. ಅವನ ಮೇಲ್ ಓದಿ ಅದು ಷೇರಿನ ಪ್ರಸ್ತಾವ ಎಂದು ಸಾಬೀತು ಮಾಡುವ ವಕೀಲ ಇನ್ನೂ ಹುಟ್ಟಿಲ್ಲ.

ಇಷ್ಟೆಲ್ಲ ಆದಮೇಲೆ ಬುದ್ಧಿ ಬರುತ್ತದೆ: ಗುರುತಿಲ್ಲದವರ ಮೇಲ್ ಯಾರೂ ಓದುವುದಿಲ್ಲ, 'ವಾರ್ಮ್ ಇಂಟ್ರೊ' ಬೇಕು. ತಾಲ್ಲೂಕು ಕಚೇರಿಯಲ್ಲಿ ಶಾಸಕರ ಚೀಟಿ ಹಿಡಿದು ಬಂದವನನ್ನು ನೋಡಿ ಈ ದೇಶ ಉದ್ಧಾರವಾಗುವುದಿಲ್ಲ ಎಂದ ಅದೇ ಹುಡುಗ, ಈಗ ಕೋರಮಂಗಲದ ಫಂಡ್ ಒಂದರ ಪಾಲುದಾರರ ಭಾವಮೈದುನನ ಬ್ಯಾಚ್‌ಮೇಟನ್ನು ಹುಡುಕುತ್ತಿದ್ದಾನೆ.

ಇನ್ನು ಹೂಡಿಕೆದಾರರ ಉತ್ತರ. ಇವನಿಗೆ 'ಬೇಕು' ಎನ್ನಲು ಬಾರದಿದ್ದರೆ, ಅವರಿಗೆ 'ಕೊಡುವುದಿಲ್ಲ' ಎನ್ನಲು ಬಾರದು. "ಇಂಟರೆಸ್ಟಿಂಗ್" ಎಂದರೆ ಓದಿಲ್ಲ. "ನಮಗೆ ಸ್ವಲ್ಪ ಅರ್ಲಿ" ಎಂದರೆ ಬೇರೆ ಯಾರಾದರೂ ಮೊದಲು ಕೊಡಲಿ. "ಕೀಪ್ ಅಸ್ ಪೋಸ್ಟೆಡ್" ಎಂದರೆ ಅಕಸ್ಮಾತ್ ಬದುಕಿಕೊಂಡರೆ ತಿಳಿಸು. ಇದು ಸಂಕೋಚವಲ್ಲ, ಲೆಕ್ಕಾಚಾರ. ತಪ್ಪು ಕಂಪನಿಗೆ ಕೊಟ್ಟರೆ ಹೋಗುವುದು ಕೊಟ್ಟಷ್ಟೇ. ಸರಿಯಾದ ಕಂಪನಿಯನ್ನು ಬಿಟ್ಟರೆ ಕೈತಪ್ಪುವುದು ಅದರ ನೂರು ಪಟ್ಟು. ಅದಕ್ಕೇ ಬಾಗಿಲು ತೆರೆಯುವುದೂ ಇಲ್ಲ, ಮುಚ್ಚುವುದೂ ಇಲ್ಲ. ಅಮೆರಿಕದ ಬೆಸೆಮರ್ ಎಂಬ ಹೂಡಿಕೆ ಸಂಸ್ಥೆಯವರಿಗೆ ಹೀಗೆ ಕೈತಪ್ಪಿದ್ದನ್ನು ಹೇಳಿಕೊಂಡು ನಗುವ ದೊಡ್ಡ ಮನಸ್ಸಿದೆ. ಗೂಗಲ್, ಫೇಸ್‌ಬುಕ್, ಆಪಲ್ ಸೇರಿ ತಾವು ಬಿಟ್ಟುಕೊಟ್ಟ ಕಂಪನಿಗಳ ಪಟ್ಟಿಯನ್ನು ತಾವೇ ಪ್ರಕಟಿಸಿಕೊಂಡಿದ್ದಾರೆ.

2008ರಲ್ಲಿ ಏರ್‌ಬಿಎನ್‌ಬಿಯ ಬ್ರಯಾನ್ ಚೆಸ್ಕಿಯನ್ನು ಏಳು ಹೂಡಿಕೆದಾರರಿಗೆ ಪರಿಚಯಿಸಲಾಗಿತ್ತು. ಆತ ಕೇಳಿದ್ದು 1.5 ಲಕ್ಷ ಡಾಲರ್. ಕೊಟ್ಟಿದ್ದರೆ ಕಂಪನಿಯ ಹತ್ತು ಪರ್ಸೆಂಟ್ ಸಿಗುತ್ತಿತ್ತು. ಐವರು ಇಮೇಲಿನಲ್ಲಿ ಬೇಡ ಎಂದರು, ಇಬ್ಬರು ಉತ್ತರಿಸಲಿಲ್ಲ. 2015ರಲ್ಲಿ ಚೆಸ್ಕಿ ಆ ಐದೂ ಮೇಲ್‌ಗಳನ್ನು ಹೆಸರು ಮರೆಸಿ ಪ್ರಕಟಿಸಿದಾಗ ಲೋಕವೆಲ್ಲ ಆ ಐವರನ್ನು ಆಡಿಕೊಂಡು ನಕ್ಕಿತು. ನನಗೆ ಆ ಐವರ ಮೇಲೆ ಗೌರವ. ತಪ್ಪು ಹೇಳಿದರು, ಆದರೆ ಹೇಳಿದರು. ಉತ್ತರಿಸದ ಇಬ್ಬರು ಯಾರ ಬಾಯಿಗೂ ಬೀಳದೆ ಬುದ್ಧಿವಂತರಾಗಿಯೇ ಉಳಿದರು.

ಕೇಳುವುದನ್ನು ನೇರವಾಗಿ ಕೇಳಲು ನಮ್ಮ ಈ ಹುಡುಗರಿಗೆ ಏಕೆ ಬಾರದು? ಕೈಯಲ್ಲಿ ಒಂದು ಬಿಲ್ ಇಲ್ಲ, ಅದಕ್ಕೆ. ಸರಕಿಗೆ ಯಾರೋ ಒಬ್ಬರು ದುಡ್ಡು ಕೊಟ್ಟಿದ್ದರೆ ಮೊದಲ ಸಾಲಿನಲ್ಲೇ ಅದನ್ನು ಬರೆಯುತ್ತಿದ್ದರು. ಕೊಟ್ಟವರಿಲ್ಲದ ಕಡೆ 'ವಿಷನ್' ಬಂದು ಕೂರುತ್ತದೆ. ಪಿ.ಸಿ. ಮುಸ್ತಫಾ ಮತ್ತು ಅವರ ಸೋದರಸಂಬಂಧಿಗಳು 2005ರಲ್ಲಿ ಇದೇ ಬೆಂಗಳೂರಿನಲ್ಲಿ ಇಡ್ಲಿ-ದೋಸೆ ಹಿಟ್ಟು ರುಬ್ಬಿ ಅಂಗಡಿಗಳಿಗೆ ಹಾಕತೊಡಗಿದರು. ಆ ಐಡಿ ಫ್ರೆಶ್ ಕಂಪನಿಗೆ ಹೆಲಿಯನ್ ವೆಂಚರ್ಸ್ ಎಂಬ ಹೂಡಿಕೆ ಸಂಸ್ಥೆಯ ದುಡ್ಡು ಬಂದದ್ದು 2014ರಲ್ಲಿ. ನಡುವಿನ ವರ್ಷಗಳಲ್ಲಿ ಅವರ ಕೈಹಿಡಿದವರು ಹಿಟ್ಟು ಕೊಂಡ ಗೃಹಿಣಿಯರು. ಆ ಗೃಹಿಣಿಯರಿಗೆ ಯಾರೂ ಡೆಕ್ ಕಳಿಸಿರಲಿಲ್ಲ.

ಆದ್ದರಿಂದ ತಮ್ಮಾ, ಏನು ಮಾರುತ್ತೀಯ, ಹೋದ ತಿಂಗಳು ಯಾರು ಎಷ್ಟು ಕೊಟ್ಟರು, ನಿನಗೆ ಎಷ್ಟು ಬೇಕು, ಯಾವುದಕ್ಕೆ, ಬದಲಿಗೆ ಎಷ್ಟು ಪಾಲು ಕೊಡುತ್ತೀಯ, ಇಷ್ಟು ಬರೆದು ಕಳಿಸು. ಎರಡನೆಯದಕ್ಕೆ ಉತ್ತರ ಇಲ್ಲದಿದ್ದರೆ ಮೇಲ್ ಬಿಟ್ಟು ಎಳನೀರು ಮಾರಲು ಹೋಗು. ಹೂಡಿಕೆದಾರ ಮಹನೀಯರೇ, ನೀವೂ ಅಷ್ಟೇ. ಕೊಡುವುದಿಲ್ಲವಾದರೆ ಕೊಡುವುದಿಲ್ಲ ಎಂದೇ ಬರೆಯಿರಿ, ಇವತ್ತೇ ಬರೆಯಿರಿ. ನಿಮ್ಮ "ಇಂಟರೆಸ್ಟಿಂಗ್" ನಂಬಿ ಕೂತಿರುವ ಹುಡುಗನ ಖಾತೆಯಲ್ಲಿ ಇನ್ನೆರಡು ತಿಂಗಳ ಸಂಬಳಕ್ಕಾಗುವಷ್ಟು ದುಡ್ಡು ಮಾತ್ರ ಇದೆ.