ನಾರ್ಮಂಡಿಗೆ ಖಡಕ್ ರೊಟ್ಟಿ

ರಾಣೆಬೆನ್ನೂರಿನ ನಮ್ಮ ಮಾಮಾ ಯುರೋಪಿನ ರಣಭೂಮಿ ನೋಡಲು ಹೊರಟಿದ್ದಾರೆ. ಒಂದು ವಾರ, ಬಾಡಿಗೆ ಕಾರು. 1944ರ ಜೂನ್ 6ರಂದು ಮಿತ್ರಪಡೆ ಇಳಿದ ನಾರ್ಮಂಡಿ ಕಡಲದಂಡೆ, ಮೊದಲ ಮಹಾಯುದ್ಧದಲ್ಲಿ ಮಡಿದ ನಮ್ಮ ಸೈನಿಕರ ಸ್ಮಾರಕವಿರುವ ನವ್ ಶಾಪೆಲ್, ಆಮೇಲೆ ದಿನಾ ರಾತ್ರಿ ಎಂಟಕ್ಕೆ ಹುತಾತ್ಮರಿಗಾಗಿ ಕಹಳೆ ಊದುವ ಬೆಲ್ಜಿಯಂನ ಈಪರ್. ಯೋಜನೆ ಬ್ಯಾಡಗಿ ಮೆಣಸಿನಕಾಯಿಯಂಥದ್ದು: ಬಣ್ಣ ಭರ್ಜರಿ, ಖಾರ ಕಮ್ಮಿ.

ಅಕ್ಕ ಆಗಲೇ ಖಡಕ್ ರೊಟ್ಟಿ ಎಣಿಸಿ, ಶೇಂಗಾ ಚಟ್ನಿ ಡಬ್ಬಿಗೆ ಒತ್ತಿ ತುಂಬುತ್ತಿದ್ದಳು. "ಅಲ್ಲಿ ಗಾಡಿ ರಸ್ತೆದ ಬಲಕ್ಕ ಹೊಡೀಬೇಕಂತ. ಇವರಿಗೆ ಹಾವೇರಿ ಬಸ್‌ಸ್ಟ್ಯಾಂಡ್ ಮುಂದನ ಗಾಡಿ ತಿರುವಾಕ ಬರೂದಿಲ್ಲ!"

"ಮಾಮಾ, ಮೋಟೆಬೆನ್ನೂರು ನೋಡೀರೇನು?" ಅಂದೆ.

"ಹೈವೇದಾಗ ಎಷ್ಟು ಸಲ ದಾಟಿಲ್ಲ!"

ದಾಟುವುದೇನು, ಲಾರಿಗಳೂ ದಾಟುತ್ತವೆ. ಗಾಂಧೀಜಿಯ ಜೊತೆ ದಂಡಿಗೆ ನಡೆದ ಮೈಲಾರ ಮಹಾದೇವಪ್ಪನವರ ಊರದು. ಅವರು ಹೊಸರಿತ್ತಿಯಲ್ಲಿ ಪೊಲೀಸರ ಗುಂಡಿಗೆ ಬಲಿಯಾದದ್ದು 1943ರ ಏಪ್ರಿಲ್ 1ರಂದು. ನಾರ್ಮಂಡಿಗೆ ಇನ್ನೂ ವರ್ಷ ಬಾಕಿಯಿತ್ತು. ಹಾವೇರಿಯಲ್ಲಿ ಅವರ ಸ್ಮಾರಕ ವೀರಸೌಧವೂ ಇದೆ. ವೀಸಾ ಬೇಡ, ವಿಮಾ ಬೇಡ, ಗಾಡಿ ಎಡಕ್ಕೇ ಹೊಡೆಯಬಹುದು.

ಮಾಮಾ ನಕ್ಷೆ ಮಡಚಿದರು. "ಆತು, ಐತವಾರ ಹೋಗೂಣು. ರೊಟ್ಟಿ ಹೆಂಗೂ ತಯಾರದಾವು. ಅಂದಂಗ ಅಲ್ಲಿ ಪಾರ್ಕಿಂಗ್ ಐತೇನು?"